ಬೇವು ಟನ್ ಲೆಕ್ಕದಾಗ ಮಾರಿ, ಹೊಟ್ಟಿನ ಮಂಚ ಕಂತಿನ್ಯಾಗ ತಂದೀವಿ

ಈ ಸಲ ಬೆಳಿ ಬಗ್ಗೆ ಅಲ್ಲ, ಕಟಗಿ ಬಗ್ಗೆ ಬರದೀನಿ. ಬೈಯೋರು ಬೈಯ್ರಿ, ಆದ್ರ ಪೂರ್ತಿ ಓದಿ ಬೈಯ್ರಿ.

ಹೋದ ವಾರ ಮಸ್ಕಿಯಿಂದ ಊರಿಗೆ ಬರುವಾಗ ನನ್ನ ಮುಂದ ಒಂದು ಟ್ರ್ಯಾಕ್ಟರ್ ಹೊಂಟಿತ್ತು. ಟ್ರಾಲಿ ತುಂಬ ಬೇವಿನ ಬೊಡ್ಡಿ. ಒಬ್ಬ ಮನಷ್ಯಾ ತೆಕ್ಕಿ ಹಾಯ್ದ್ರ ಸಿಗದಷ್ಟು ದಪ್ಪ. ಇಟ್ಟಂಗಿ ಭಟ್ಟಿಗೆ ಹೊಂಟಿದ್ವು. ಎದುರಿಗೆ ಸಿಂಧನೂರು ಕಡಿಂದ ಒಂದು ಟೆಂಪೊ ಬಂತು. ಅದ್ರಾಗ ಮದುವಿ ಸಾಮಾನು: ಮಂಚ, ಅಲ್ಮಾರಿ, ಕನ್ನಡಿ ಟೇಬಲ್. ಪ್ಲಾಸ್ಟಿಕ್ ಹಾಳಿ ಸುತ್ತಿ ರಿಬ್ಬನ್ ಕಟ್ಟಿದ್ರು. ಎರಡೂ ಗಾಡಿ ಒಂದಕ್ಕೊಂದು ಹಾದಿ ಬಿಟ್ಟುಕೊಟ್ಟು ಹೋದ್ವು. ನಾ ಬೈಕ್ ನಿಲ್ಲಿಸಿ ನಕ್ಕೆ. ಆಮ್ಯಾಲ ನಗು ಬರಲಿಲ್ಲ. ಯಾಕಂದ್ರ ಆ ಎರಡೂ ಗಾಡಿ ನನ್ನ ಮನಿಗೂ ಬಂದು ಹೋಗ್ಯಾವ.

2017ರಾಗ ನಮ್ಮಪ್ಪ ಹಚ್ಚಿದ್ದ ಬದುವಿನ ಬೇವು ಮಾರಿದೆ. ಮೂರು ಟನ್ ಆತು, ಟನ್ನಿಗೆ 2,800. ಕೈಗೆ ಬಂದದ್ದು 8,400 ರೂಪಾಯಿ. ಆ ರೊಕ್ಕ ಯಾವ ಗೊಬ್ಬರದ ಅಂಗಡ್ಯಾಗ ಹೋತೋ ನೆನಪಿಲ್ಲ. ಎರಡು ವರ್ಷಕ್ಕ ಮಗಳ ಮದುವಿ. ಬೀಗರು ಏನೂ ಕೇಳಲಿಲ್ಲ, ಸುಳ್ಳು ಯಾಕ ಹೇಳ್ಲಿ. ನಾವಾ ಮಂದಿ ಏನಂತಾರ ಅಂತ ಮಂಚ, ಅಲ್ಮಾರಿ, ಟೇಬಲ್ ಸೆಟ್ ತಂದ್ವಿ. 64,000 ರೂಪಾಯಿ. ಹತ್ತು ಸಾವಿರ ಮೊದಲ ಕೊಟ್ಟು, ಉಳಿದದ್ದು ತಿಂಗಳಿಗೆ 3,400ರಂಗ 18 ಕಂತು. ಕೂಡಿಸಿ ನೋಡ್ರಿ, 71,200.

ಎರಡನೇ ಮಳಿಗಾಲಕ್ಕ ಮಗಳು ಫೋನ್ ಮಾಡಿದ್ಲು. "ಅಪ್ಪಾ, ಮಂಚದ ಕಾಲು ಕಿತ್ತೈತಿ, ಬೋಲ್ಟ್ ಹಚ್ಚಿದ್ರ ಹಿಡಿಯವಲ್ದು. ನೀ ಯಾರ ಮುಂದೂ ಹೇಳಬ್ಯಾಡ" ಅಂದ್ಲು. ಅವರ ಅತ್ತಿ ಮನ್ಯಾಗ ಇಟ್ಟಂಗಿ ಇಟ್ಟು ಅದರ ಮ್ಯಾಲ ಮಂಚ ನಿಲ್ಲಿಸಿದ್ರಂತ. ಇನ್ನೂ ಮೂರು ಕಂತು ಬಾಕಿ ಇದ್ವು ನಂದು.

ಹೋಗಿ ನೋಡಿದೆ. ಮ್ಯಾಲ ಸಾಗುವಾನಿ ಬಣ್ಣದ ಹಾಳಿ. ಕೆಳಗ ಕೆತ್ತಿದ್ರ ಬರೀ ಹೊಟ್ಟು. ಕಟಗಿ ಚೂರು, ಪುಡಿ ಎಲ್ಲ ರಾಸಾಯನಿಕ ಅಂಟಿನ್ಯಾಗ ಕಲಿಸಿ, ಬಿಸಿ ಮಾಡಿ ಒತ್ತಿ ಹಲಗಿ ಮಾಡಿರ್ತಾರ. ಅದಕ್ಕ ಪಾರ್ಟಿಕಲ್ ಬೋರ್ಡ್ ಅಂತಾರ. ಇನ್ನಷ್ಟು ಸಣ್ಣ ನಾರು ಮಾಡಿ ಒತ್ತಿದ್ರ ಎಂಡಿಎಫ್. ಒಣ ಜಾಗದಾಗ, ಎಸಿ ಆಫೀಸಿನ್ಯಾಗ ಅದು ಬಾಳಿಕಿ ಬರಬಹುದು. ನಾವು ಅಂಥಾ ಮನ್ಯಾಗ ಇರ್ತೀವೇನು? ನಮ್ಮ ಹೆಣ್ಮಕ್ಕಳು ದಿನಾ ಬೆಳಿಗ್ಗೆ ನೀರು ಹಾಕಿ ನೆಲ ಒರಸ್ತಾರ. ಆ ನೀರು ಕಾಲಿನ ಬುಡಕ್ಕ ಏರ್ತೈತಿ, ಹೊಟ್ಟು ರೊಟ್ಟಿಗತೆ ಉಬ್ಬತೈತಿ. ಒಮ್ಮೆ ಉಬ್ಬಿದ್ದು ಮತ್ತ ಇಳಿಯಂಗಿಲ್ಲ, ಸ್ಕ್ರೂ ಹಿಡಿಯಂಗಿಲ್ಲ. ರಿಪೇರಿ ಮಾಡ್ರಿ ಅಂದ್ರ ಬಡಿಗ್ಯಾರೂ ಕೈ ಮುಗೀತಾರ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಛಲೋ ಪ್ಲೈವುಡ್ ಬ್ಯಾರೆ ವಸ್ತು. ಐಎಸ್ 710 ಗುರುತು ಇರೋ ನೀರು ತಡಿಯೋ ಪ್ಲೈ ಅಡಗಿ ಮನಿಗೆ ಹಾಕಿದ್ರ ನಂದೇನು ತಕರಾರಿಲ್ಲ. ನನ್ನ ಸಿಟ್ಟು ಇರೋದು ಹೊಟ್ಟಿಗೆ ಕಟಗಿ ರೇಟು ಕೊಡೋದರ ಮ್ಯಾಲ, ಕಟಗಿಯನ್ನ ಹೊಟ್ಟಿನ ರೇಟಿಗೆ ಮಾರೋದರ ಮ್ಯಾಲ.

ಆ ಬೇವಿನ ಲೆಕ್ಕ ಈಗ ತೆಗೀತೀನಿ, ಆವಾಗ ತೆಗೀಲಿಲ್ಲ. ಬೊಡ್ಡಿ ಸುತ್ತಳತಿ ಆರೂವರಿ ಅಡಿ. ಟೊಂಗಿ ಒಡಿಯೋತನಕ ಉದ್ದ ಒಂಬತ್ತು ಅಡಿ. ಸಾಮಿಲ್‌ನವರು ಹೆಂಗ ಅಳೀತಾರ ಅಂದ್ರ, ಸುತ್ತಳತಿಯ ನಾಲ್ಕನೇ ಒಂದು ಪಾಲು ತಗೊಂಡು ಅದನ್ನ ಅದರಿಂದಾನ ಗುಣಿಸಿ, ಆಮ್ಯಾಲ ಉದ್ದದಿಂದ ಗುಣಿಸ್ತಾರ. ಸುಮಾರು 24 ಘನ ಅಡಿ ಬರ್ತೈತಿ. ಕೊಯ್ಯುವಾಗ ಹೋದದ್ದು, ಸೀಳಿದ್ದು, ಬಿಳಿ ಕಟಗಿ ಎಲ್ಲ ಬಿಟ್ರೂ 15 ಅಡಿ ಹಲಗಿ ಸಿಗತಿತ್ತು. ಒಂದು ಗಟ್ಟಿ ಮಂಚಕ್ಕ ನಾಲ್ಕರಿಂದ ಐದು ಅಡಿ ಬೇಕು. ಮೂರು ಮಂಚ, ಮೊಮ್ಮಕ್ಕಳ ತನಕ ಬಾಳೋವು, 8,400ಕ್ಕ ಭಟ್ಟ್ಯಾಗ ಸುಟ್ಟು ಬೂದಿ ಮಾಡಿಸಿದೆ. ಅದ್ರಾಗೂ ಟೊಂಗಿ ಸೇರಿಸಿ.

ಹಿಂದಕ ನಮ್ಮ ಊರಾಗ ಬಡಿಗ್ಯಾರ ಮನಿ ಮುಂದ ಯಾವಾಗಲೂ ಜನ. ಕುಂಟಿ, ಕೂರಗಿ, ನೊಗ, ಬಂಡಿ ಗಾಲಿ ಎಲ್ಲಾ ಅವರದಾ ಕೈ. ಸುಗ್ಗಿಗೆ ಕಣದಾಗ ಅವರಿಗೆ ಆಯ ಅಳದು ಕೊಡೋರು. ಟ್ರ್ಯಾಕ್ಟರ್ ಬಂತು, ಕುಂಟಿ ಕಬ್ಬಿಣದ್ದಾತು, ವೆಲ್ಡಿಂಗ್ ಅಂಗಡಿಗೆ ಹೋತು. ಎತ್ತು ಹೋದ್ವು, ಬಂಡಿ ಹೋತು, ಆಯ ನಿಂತ್ವು. ಅದು ಕಾಲದ ಆಟ, ಯಾರನ್ನೂ ಬೈಯಂಗಿಲ್ಲ. ಆದ್ರ ಮಂಚ, ಬಾಗಿಲು, ತೊಟ್ಟಿಲು ಅವರ ಕೈಯಿಂದ ಕಸಗೊಂಡದ್ದು ಕಾಲ ಅಲ್ಲ, ನಾವು. ನಮ್ಮೂರ ಬಡಿಗ್ಯಾರ ಕಾಕಾನ ಮಗ ಈಗ ಬೆಂಗಳೂರಾಗ ಸೆಂಟ್ರಿಂಗ್ ಹಲಗಿ ಬಡೀತಾನ. ಅವರಪ್ಪ ಗರ್ಭಗುಡಿ ಬಾಗಿಲು ಕೆತ್ತಿದ ಮನಷ್ಯಾ.

ಟೈಲ್ಸ್ ಹಾಕೋರಿಗೆ ಅಡಿ ಲೆಕ್ಕದಾಗ ಕೇಳಿದಷ್ಟು ಕೊಡ್ತೀವಿ, ಮ್ಯಾಲ ಚಾ ಕೊಡ್ತೀವಿ. ಬಡಿಗ್ಯಾರು ಒಂದು ಮಂಚಕ್ಕ ಹತ್ತು ದಿನದ ಕೂಲಿ ಕೇಳಿದ್ರ "ಏನ್ ಕಾಕಾ, ನಾಕು ಕಾಲು, ನಾಕು ಪಟ್ಟಿ, ಇದಕ್ಕ ಇಷ್ಟಾ?" ಅಂತೀವಿ. ನಾನೂ ಅಂದಂವನಾ. ಅವರೂ ಅಡ್ವಾನ್ಸ್ ತಗೊಂಡು ತಿಂಗಳುಗಟ್ಟಲೆ ತಿರಗಸ್ತಾರ, ಇಲ್ಲ ಅನ್ನಂಗಿಲ್ಲ. ಆದ್ರ ವರ್ಷಕ್ಕ ಎರಡು ಕೆಲಸ ಸಿಗೋ ಮನಷ್ಯಾಗ ಅಡ್ವಾನ್ಸ್ ಬಿಟ್ಟು ಹಿಟ್ಟಿಗೆ ಬ್ಯಾರೆ ಹಾದಿ ಎಲ್ಲೈತಿ?

ಮಗಳ ಮನಿಯಿಂದ ಬಂದ ಮರುದಿನ ಕಾಕಾನ ಮನಿಗೆ ಹೋದೆ. "ನಂಗ ಕಲಸ್ರಿ" ಅಂದೆ. ನಕ್ಕರು. "ಐವತ್ತು ದಾಟೀದಿ, ಈಗ ಉಳಿ ಹಿಡೀತೀಯೇನೋ ತಮ್ಮಾ?" ಅಂದ್ರು. ಎತ್ತು ಮಾರಿದ ಮ್ಯಾಲ ಕೊಟ್ಟಿಗಿ ಖಾಲಿ ಇತ್ತು, ಅದಾ ನನ್ನ ವರ್ಕ್‌ಶಾಪ್. ಕೆಲಸ ಮಾಡೋ ಕಟ್ಟಿ ಗೋದಲಿ ಹಲಗಿಯಿಂದ ಮಾಡಿಕೊಂಡೆ. ಗರಗಸ, ಮೂರು ಉಳಿ, ರಂದಾ, ಬೈರಗಿ, ಮೂಲಿಮಟ್ಟ ಹಳೇವು ಸಿಕ್ವು, ಕಾಕಾನಾ ಹುಡುಕಿ ಕೊಟ್ರು. ಮೊದಲನೇ ಮೂರು ತಿಂಗಳು ಅವರು ಕಟಗಿ ಮುಟ್ಟಸಲಿಲ್ಲ, ಬರೀ ಉಳಿ ಮಸಿಯೋದು. ಮೊಂಡ ಉಳಿ ಜೋರು ಬೇಡತೈತಿ, ಜೋರು ಹಾಕಿದಾಗ ಕೈ ಜಾರತೈತಿ. ನನ್ನ ಎಡಗೈ ಹೆಬ್ಬೆಟ್ಟು ಸಾಕ್ಷಿ ಐತಿ.

ಎರಡನೇ ಪಾಠ ಒಣಗಿಸೋದು. ನಮ್ಮಂದಿ ಇಲ್ಲೇ ತಪ್ಪತಾರ. ಇವತ್ತು ಕಡದು, ನಾಳಿ ಕೊಯ್ಸಿ, ನಾಡದು ಬಾಗಿಲು ಮಾಡ್ರಿ ಅಂತಾರ. ಬ್ಯಾಸಗಿ ಬಂದಾಗ ಬಾಗಿಲು ಸೀಳತೈತಿ, ಬಡಿಗ್ಯಾರನ್ನ ಬೈತಾರ. ಖರೀದಿ ಕೇಂದ್ರದಾಗ ಭತ್ತದ ಹಸಿ 17 ಪರ್ಸೆಂಟ್ ದಾಟಿದ್ರ ಚೀಲ ವಾಪಸ್ ಕಳಸ್ತಾರ, ನಮಗ ಗೊತ್ತೈತಿ. ಕಟಗಿಗೆ ಆ ಲೆಕ್ಕ ಯಾಕ ಇಲ್ಲ? ಒಂದು ಇಂಚು ದಪ್ಪದ ಹಲಗಿಗೆ ನೆಳ್ಳಾಗ ಒಂದು ವರ್ಷ ಅಂತ ಹಿಡೀರಿ. ಬಿಸಲಾಗ ಬ್ಯಾಡ, ನಮ್ಮ ಏಪ್ರಿಲ್ ಬಿಸಲು ಒಂದಾ ವಾರಕ್ಕ ಸೀಳಿ ಬಿಡತೈತಿ. ಹಲಗಿ ನಡಕ ಇಂಚಿನ ಪಟ್ಟಿ ಕೊಟ್ಟು ಗಾಳಿ ಆಡೋಹಂಗ ಒಟ್ಟಬೇಕು, ಮ್ಯಾಲ ಕಲ್ಲು ಹೇರಬೇಕು. ಹಲಗಿ ತುದಿಗೆ ಹಳೇ ಪೇಂಟೋ ಮೇಣವೋ ಬಳೀರಿ, ಹಸಿ ತುದಿಯಿಂದಾನ ಲಗೂ ಓಡತೈತಿ, ಅಲ್ಲೇ ಸೀಳು ಸುರು ಆಗತೈತಿ. ಒಣಗೈತೋ ಇಲ್ಲೋ ನೋಡಾಕ ಮಿಷನ್ ಇಲ್ಲಾಂದ್ರ ಚಿಂತಿಲ್ಲ. ಒಂದು ಹಲಗಿ ತೂಕ ಮಾಡಿ ಸೀಮಿಸುಣ್ಣದಾಗ ಬರದಿಡ್ರಿ. ಪ್ರತಿ ತಿಂಗಳು ತೂಗ್ರಿ. ತೂಕ ಇಳಿಯೋದು ನಿಂತಾಗ ಕೆಲಸಕ್ಕ ತಗೀರಿ.

ಒಣಗಿದ ಮ್ಯಾಲೂ ಕಟಗಿ ಸತ್ತಿರಂಗಿಲ್ಲ. ಮಳಿಗಾಲಕ್ಕ ಅಗಲ ಹಿಗ್ಗತೈತಿ, ಬ್ಯಾಸಗಿಗೆ ಕುಗ್ಗತೈತಿ. ಉದ್ದದಾಗ ಅಂಥಾ ಫರಕು ಇಲ್ಲ. ಅದಕ್ಕಾ ಹಳೇ ಬಾಗಿಲದಾಗ ಚೌಕಟ್ಟಿಗೆ ಒಳಗ ಸಣ್ಣ ಕಾಲುವಿ ಕೊರದು, ನಡುವಿನ ಹಲಗಿ ಅದ್ರಾಗ ಅಂಟು ಇಲ್ಲದ ಕೂಡಸ್ತಿದ್ರು. ಹಲಗಿ ತನ್ನ ಪಾಡಿಗೆ ತಾ ಆಡ್ಲಿ ಅಂತ. ಮಂಚದ ಕಾಲಿಗೆ ತೂತು, ಪಟ್ಟಿಗೆ ನಾಲಿಗಿ. ಬಿಗಿಯಾಗಿ ಕುಂದ್ರಿಸಿ ಅಡ್ಡ ಒಂದು ಗೂಟ ಬಡದ್ರ ಬೋಲ್ಟ್ ಬ್ಯಾಡ, ಮಳಿ ಬ್ಯಾಡ. ಸಡ್ಲ ಆದ್ರ ಗೂಟ ಬದಲಿ ಮಾಡ್ರಿ, ಮುಗೀತು.

ಇನ್ನ ಅಳತಿ. ಅಂಗಡಿ ಮಂಚ ಯಾರ ಅಳತಿಗೆ ಮಾಡ್ಯಾರ? ಕೆಳಗ ಡಬ್ಬಿ, ಮ್ಯಾಲ ದಪ್ಪ ಗಾದಿ, ನೆಲದಿಂದ ಎರಡು ಅಡಿ. ನಮ್ಮವ್ವಗ ಮೊಣಕಾಲು ನೋವು, ಏರಾಕ ಬರಂಗಿಲ್ಲ. ಅವ್ವನ್ನ ಸ್ಟೂಲಿನ ಮ್ಯಾಲ ಕುಂದ್ರಿಸಿ ಹಿಮ್ಮಡಿಯಿಂದ ಮೊಣಕಾಲ ಸಂದಿ ತನಕ ಅಳದೆ: ಹದಿನೈದೂವರಿ ಇಂಚು. ಕಟಗಿ ಎತ್ತರ ಹನ್ನೆರಡೂವರಿ, ಗಾದಿ ಮೂರು. ಮ್ಯಾಲ ಪುಂಡಿ ನಾರಿನ ಹಗ್ಗ ಹೆಣದೆ, ಹಳೇ ಹೊರಸಿನಂಗ. ಈಗ ರಾತ್ರಿ ಎದ್ರ ಯಾರನ್ನೂ ಕರೆಯಂಗಿಲ್ಲ. ಇದಕ್ಕ ಡಿಸೈನ್ ಅಂತಾರಂತ. ನಾ ಸ್ಯಾನಾಳ್ತನ ಏನೂ ಮಾಡಲಿಲ್ಲ, ಅವ್ವನ ಕಾಲು ಅಳದೆ ಅಷ್ಟಾ.

ಈಗ ನಿಮಗ ಸಿಟ್ಟು ಬರೋ ಮಾತು. ಬಳ್ಳಾರಿ ಜಾಲಿ! ಎಲ್ಲರೂ ಶಾಪ ಹಾಕ್ತೀವಿ, ಹೊಲ ತಿಂತು, ಹಳ್ಳ ತಿಂತು ಅಂತ. ಸುಟ್ಟು ಇದ್ದಿಲು ಮಾಡ್ತೀವಿ. ಅದರ ಸಂಬಂಧಿ ಗಿಡ ಅಮೆರಿಕಾದ ಟೆಕ್ಸಾಸ್‌ನಾಗ ಬೆಳೀತೈತಿ, ಮೆಸ್ಕೀಟ್ ಅಂತಾರ. ಅಲ್ಲಿ ರೈತರೂ ಅದಕ್ಕ ಬೈತಾರ, ಆದ್ರ ಅದಾ ಕಟಗಿಯಿಂದ ಮೇಜು, ಕುರ್ಚಿ, ನೆಲದ ಹಲಗಿ ಮಾಡಿ ದುಬಾರಿ ಮಾರ್ತಾರ. ಕಾರಣ ಐತಿ: ಗಟ್ಟಿ, ಕೆಂಪು ಬಣ್ಣ, ಹಿಗ್ಗೋದು ಕುಗ್ಗೋದು ಭಾಳ ಕಡಿಮಿ. ನಮ್ಮ ಜಾಲಿ ಡೊಂಕು, ಉದ್ದ ಹಲಗಿ ಸಿಗಂಗಿಲ್ಲ, ಬಿಳಿ ಭಾಗಕ್ಕ ಹುಳ ಬೀಳತೈತಿ. ಅದಕ್ಕ ಮಂಚ ಬ್ಯಾಡ, ಸ್ಟೂಲು, ಮಣಿ, ಕುರ್ಚಿ ಕಾಲು, ಉಳಿ ಹಿಡಿಕಿ ಮಾಡ್ರಿ. ನಡುವಿನ ಕೆಂಪು ಮಾತ್ರ ತಗೋರಿ. ನಾ ಮಾಡಿದ ಎರಡು ಸ್ಟೂಲಿಗೆ ಅಗಸಿ ಎಣ್ಣಿ ಒರಸೀನಿ, ನೋಡಿದವರು ಸೀಸಂ ಅಂತಾರ. ಜಾಲಿ ಅಂತ ಹೇಳಿದ್ರ ನಂಬಂಗಿಲ್ಲ, ಮುಳ್ಳು ತೋರಸಬೇಕು.

ಹಳೇದನ್ನ ಕಿಮ್ಮತ್ತಿಲ್ಲದ ಮಾರೋದ್ರಾಗ ನಾವಷ್ಟಾ ದಡ್ಡರಲ್ಲ. ಚಂಡೀಗಡ ಊರು ಕಟ್ಟುವಾಗ 1950ರ ದಶಕದಾಗ ಪಿಯರ್ ಜೀನರೆ ಅನ್ನೋ ವಾಸ್ತುಶಿಲ್ಪಿ ಸರ್ಕಾರಿ ಆಫೀಸಿಗೆ ಸಾಗುವಾನಿ ಮತ್ತ ಬೆತ್ತದ ಕುರ್ಚಿ ಹಾಕಿಕೊಟ್ಟ. ಮಾಡಿದವರು ಅಲ್ಲಿಯ ಬಡಿಗ್ಯಾರು, ಕೈಯಿಂದ. ಮುಂದ ಅವು ಹಳೇವು ಆದ್ವು ಅಂತ ಛಾವಣಿ ಮ್ಯಾಲ ಒಗದ್ರು, ಗುಜರಿ ಲೆಕ್ಕದಾಗ ಹರಾಜ್ ಹಾಕಿದ್ರು. ಅದಾ ಕುರ್ಚಿ ಫಾರಿನ್ ಹರಾಜಿನ್ಯಾಗ ಲಕ್ಷಗಟ್ಟಲೆ ಹೋದ್ವು. 2011ರಾಗ ಕೇಂದ್ರ ಗೃಹ ಇಲಾಖೆ ಇವನ್ನ ಮಾರಬ್ಯಾಡ್ರಿ ಅಂತ ಆದೇಶ ಮಾಡೋ ಹೊತ್ತಿಗೆ ಭಾಳ ಹೋಗಿಬಿಟ್ಟಿದ್ವು. ನಮ್ಮ ಓಣ್ಯಾಗೂ ಹಳೇ ಬಾಗಿಲು, ಕಂಬ, ತೊಟ್ಟಿಲು ಕೊಳ್ಳೋರು ಟೆಂಪೊ ತಗೊಂಡು ಬರ್ತಾರ. ಪ್ಲಾಸ್ಟಿಕ್ ಕುರ್ಚಿ ಬದಲಿ ಕೊಟ್ಟು ಒಯ್ದಿದ್ದು ನಾನಾ ನೋಡೀನಿ. ದೂರ ಯಾಕ, ಕೊಪ್ಪಳದ ಪಕ್ಕ ಕಿನ್ನಾಳ ಐತಿ. ಅಲ್ಲಿ ಚಿತ್ರಗಾರರು ಹಗುರ ಕಟಗಿ ಕೆತ್ತಿ, ಹೊಟ್ಟು, ಹುಣಸಿ ಬೀಜದ ಅಂಟು ಕಲಿಸಿ ಗೊಂಬಿ ಮ್ಯಾಲ ಬಳೀತಾರ. ಅವರೂ ಹೊಟ್ಟು ಅಂಟು ಬಳಸ್ತಾರ, ಆದ್ರ ಒಳಗ ಕಟಗಿ ಇರತೈತಿ! ಆ ಕೆಲಸಕ್ಕ ಜಿಐ ಗುರುತು ಸಿಕ್ಕೈತಿ. ನಮ್ಮ ಮೂರು ತಾಲೂಕಿನಿಂದ ಎಷ್ಟು ಮಂದಿ ಅಲ್ಲಿ ಹೋಗಿ ಒಂದು ತೊಟ್ಟಿಲು ಹಾಕಿಸಿಕೊಂಡೀರಿ?

ಸರ್ಕಾರ ಏನೂ ಮಾಡಿಲ್ಲ ಅನ್ನಬ್ಯಾಡ್ರಿ. 2023ರ ಸೆಪ್ಟೆಂಬರ್‌ನಾಗ ಪಿಎಂ ವಿಶ್ವಕರ್ಮ ಯೋಜನೆ ಬಂತು. 18 ಕಸುಬಿನ್ಯಾಗ ಬಡಗಿ ಕೆಲಸ ಮೊದಲನೇದು. ತರಬೇತಿ ದಿನಕ್ಕ 500, ಉಪಕರಣಕ್ಕ 15,000, ಆಮ್ಯಾಲ 5 ಪರ್ಸೆಂಟ್ ಬಡ್ಡ್ಯಾಗ ಮೊದಲು ಒಂದು ಲಕ್ಷ, ಆಮ್ಯಾಲ ಎರಡು ಲಕ್ಷ ಸಾಲ. ಎಲ್ಲಾ ಖರೆ. ಆದ್ರ ಉಪಕರಣ ಕೊಟ್ಟವರು ಗಿರಾಕಿ ಕೊಡಂಗಿಲ್ಲ. ಗಿರಾಕಿ ನಾವು. ನಾವು ಟೆಂಪೊ ಬಾಡಗಿ ಮಾಡಿ ಸಿಂಧನೂರಿಗೆ ಹೊಂಟ್ರ ಆ 15,000ದ ಸಾಮಾನು ಮೂಲ್ಯಾಗ ತುಕ್ಕು ಹಿಡೀತಾವ.

"ನಮಗ ಟೈಮ್ ಎಲ್ಲೈತಿ" ಅಂತೀರಿ. ಎಡದಂಡೆ ಕಾಲುವಿ ಕೆಳಭಾಗದವರು ನಾವು, ಎರಡನೇ ಬೆಳಿಗೆ ನೀರು ಬರದ ವರ್ಷ ನಾಲ್ಕು ತಿಂಗಳು ಕಟ್ಟಿ ಮ್ಯಾಲ ಕುಂತು ಮೊಬೈಲ್ ನೋಡ್ತೀವಿ. ಟೈಮ್ ಅಲ್ಲಿ ಐತಿ. "ಮದುವಿಗೆ ಹೊಳಪು ಬೇಕು, ಬೀಗರ ಮುಂದ ಬೇವಿನ ಮಂಚ ಇಡಾಕ ಆಗಂಗಿಲ್ಲ" ಅಂತೀರಿ. ಇಟ್ಟಂಗಿ ಮ್ಯಾಲ ನಿಂತ ಮಂಚ ಬೀಗರ ಮುಂದ ಇಟ್ಟ ಮನಷ್ಯಾ ನಾನು, ನನ್ನ ಮುಂದ ಹೊಳಪಿನ ಮಾತು ಆಡಬ್ಯಾಡ್ರಿ. ಸಣ್ಣ ಮಗಳು ಪಿಯುಸಿ ಓದಾಕತ್ಯಾಳ. ಅಕಿ ಮದುವಿಗೆ ಇನ್ನೂ ನಾಲ್ಕೈದು ವರ್ಷ. ಅಕಿ ಮಂಚದ ಹಲಗಿ ಈಗಾಗಲೇ ಕೊಟ್ಟಿಗ್ಯಾಗ ಒಟ್ಟೀನಿ, ತೂಕ ಬರದಿಟ್ಟೀನಿ.

ಕಡಿಯೋ ಮುಂಚೆ ಒಂದು ನೆನಪಿಡ್ರಿ: 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಐತಿ. ನಿಮ್ಮ ಹೊಲದ ಗಿಡ ಆದ್ರೂ ಯಾವುದಕ್ಕ ಪರವಾನಗಿ ಬೇಕು, ಯಾವುದಕ್ಕ ಬ್ಯಾಡ ಅಂತ ಅರಣ್ಯ ಇಲಾಖೆ ಆಫೀಸಿನ್ಯಾಗ ಮೊದಲು ಕೇಳ್ರಿ. ಆಮ್ಯಾಲ ನನ್ನ ಬೈಬ್ಯಾಡ್ರಿ.

ಕಾಕಾಗ ಈಗ ಕಣ್ಣು ಮಂಜು, ಸಣ್ಣ ಗೆರಿ ಕಾಣಂಗಿಲ್ಲ. ಆದ್ರ ಬೆರಳು ಆಡಿಸಿ ರಂದಾ ಎಲ್ಲಿ ತಪ್ಪೈತಿ ಹೇಳ್ತಾರ. ಸೋಮವಾರ, ಗುರುವಾರ ಸಂಜೀಕ ನಮ್ಮ ಕೊಟ್ಟಿಗಿಗೆ ಬಂದು ಕುಂದರ್ತಾರ. ಅವರಿಗೆ ಒಂದು ದಿನದ ಗೌಂಡಿ ಪಗಾರದಷ್ಟಾ ಕೊಡ್ತೀವಿ, ಕಲಿಯಾಕ ಬಂದವರು ಕೂಡಿ ಹಂಚಿಕೋತೀವಿ. ಸದ್ಯಕ್ಕ ನಾವು ಮೂವರು. ಇನ್ನಿಬ್ಬರಿಗೆ ಜಾಗ ಐತಿ. ಬರೋರು ಬರುವಾಗ ನಿಮ್ಮ ಬದುವಿನ್ಯಾಗ ಕಡದು ಬಿಟ್ಟ ಜಾಲಿ ಬೊಡ್ಡಿ ಇದ್ರ ಒಂದು ತರ್ರಿ, ಎರಡು ಅಡಿ ಉದ್ದ ಇದ್ರ ಸಾಕು.