ಗಿಟಾರ್ ಒಳಗಿನ ಲೆಕ್ಕ: ಗ್ರೌಂಡ್ ವೈರಿಗೆ ಇಷ್ಟೊಂದು ಗೋಜಲು ಯಾಕೆ?

1/5

ಮೊದಲ ಫೋಟೋದಲ್ಲಿ ಬೂದು ಬಣ್ಣದ ಒಂದು ಉಂಡೆ ಕಾಣ್ತಿದೆಯಲ್ಲ, ಅವರೆಕಾಳಿನಷ್ಟು ದಪ್ಪದ್ದು? ಕಾಲೇಜ್ ಡೇ ದಿನ ನನ್ನ ಮಾನ ಕಳೆದಿದ್ದು ಅದೇ.

ನಿಮ್ಮಲ್ಲಿ ಎಷ್ಟೋ ಜನ ಅವತ್ತು ಮುಂದಿನ ಸಾಲಲ್ಲೇ ಕೂತಿದ್ರಿ. ಎರಡನೇ ಹಾಡಿನ ಮಧ್ಯೆ ನನ್ನ ಗಿಟಾರ್ ಸದ್ದು ಸತ್ತೋಯ್ತು. ಸ್ಪೀಕರ್‌ನಿಂದ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅಂತ ಶುರು. ನಾನು ಕೇಬಲ್ ಅಲ್ಲಾಡಿಸ್ತಾ ನಿಂತಿದ್ದೆ, ಡ್ರಮ್ಸ್‌ನವನು ಒಬ್ಬನೇ ಹಾಡು ಮುಗಿಸಿದ. ಆ ವಿಡಿಯೋ ಇನ್ನೂ ಕ್ಲಾಸ್ ಗ್ರೂಪಲ್ಲಿ ಓಡಾಡ್ತಿದೆ, ಗೊತ್ತು ನಂಗೆ.

ತಮಾಷೆ ಏನಂದ್ರೆ, ಅದಕ್ಕೆ ಮೂರು ವಾರ ಮೊದಲಷ್ಟೇ ಗಿಟಾರನ್ನ ರಿಪೇರಿಗೆ ಕೊಟ್ಟಿದ್ದೆ. ಸ್ವಲ್ಪ ಹಮ್ ಬರ್ತಿತ್ತು, ಅಷ್ಟೇ. ಅಂಗಡಿ ಅಣ್ಣ ಬಿಚ್ಚಿ ನೋಡಿ, "ಗ್ರೌಂಡ್ ಲೂಪ್ ಆಗಿದೆ ಕಣಪ್ಪ, ಫುಲ್ ರೀವೈರಿಂಗ್ ಮಾಡ್ಬೇಕು" ಅಂದ್ರು. ₹1,800 ಕೊಟ್ಟೆ. ಗಿಟಾರೇ ₹6,500ಕ್ಕೆ ತಗೊಂಡ ಸೆಕೆಂಡ್ ಹ್ಯಾಂಡ್ ಮಾಲು. ಆ ದುಡ್ಡು ರಜೇಲಿ ಸೋದರಮಾವನ ಅಂಗಡೀಲಿ ಬಿಲ್ ಎಂಟ್ರಿ ಮಾಡಿ ಕೂಡಿಸಿದ್ದು.

ಈ ಸಲ ನಾನೇ ಬಿಚ್ಚಿದೆ. ಬಿಚ್ಚಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು: ಗಿಟಾರ್ ಒಳಗಿನ ಗ್ರೌಂಡ್ ವೈರುಗಳಲ್ಲಿ ಕೆಲವು ಬರೀ ಅಭ್ಯಾಸಬಲದಿಂದ ಇವೆ. ಅವನ್ನ ತೆಗೀಬೇಕು. ಉಳಿದವನ್ನ ಕಣ್ಣಿಗೆ ಕಾಣೋ ಕಡೆ ಇಡಬೇಕು. ಈ ಕೆಲಸ ನೀವೇ ಮಾಡ್ಕೋಬಹುದು.

2/5

ಮೊದಲು ಗ್ರೌಂಡ್ ಅಂದ್ರೇನು ನೋಡೋಣ. ಬಿಕಾಂನವರಿಗೆ ಇದು ಸುಲಭ. ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಇರಲೇಬೇಕು. ಪಿಕಪ್‌ನಿಂದ ಒಂದು ವೈರಲ್ಲಿ ಸಿಗ್ನಲ್ ಹೊರಟರೆ, ಇನ್ನೊಂದು ವೈರಲ್ಲಿ ಅದು ವಾಪಸ್ ಬರಬೇಕು. ಆ ವಾಪಸ್ ದಾರಿಯೇ ಗ್ರೌಂಡ್. ಅದು ಕಟ್ ಆದ್ರೆ ನನ್ನ ಕಾಲೇಜ್ ಡೇ ಥರ ಆಗುತ್ತೆ.

ಗ್ರೌಂಡ್‌ಗೆ ಇನ್ನೊಂದು ಕೆಲಸನೂ ಇದೆ: ಕಾವಲು. ಪಾಟ್‌ಗಳ (ವಾಲ್ಯೂಮ್, ಟೋನ್ ನಾಬ್ ಕೆಳಗಿರೋ ದುಂಡು ಲೋಹದ ಡಬ್ಬಿಗಳು) ಮೈ, ಬ್ರಿಡ್ಜ್, ಸ್ಟ್ರಿಂಗ್ ಎಲ್ಲವನ್ನೂ ಗ್ರೌಂಡ್‌ಗೆ ಸೇರಿಸಿದ್ರೆ ಹೊರಗಿನ ಕರೆಂಟಿನ ಗಲಾಟೆ ಒಳಗೆ ಬರೋದು ಕಮ್ಮಿ ಆಗುತ್ತೆ. ಕೆಲಸ ಎರಡು, ಹೆಸರು ಒಂದೇ. ಗೊಂದಲ ಶುರುವಾಗೋದೇ ಇಲ್ಲಿ.

ನಂದು ಸ್ಟ್ರಾಟೋಕ್ಯಾಸ್ಟರ್ ನಕಲು. ಮೂರು ಪಿಕಪ್, ಮೂರು ಪಾಟ್. ಪಾಟ್‌ಗಳ ಬೆನ್ನ ಮೇಲೆ ಎಷ್ಟು ಬೆಸುಗೆ ಇದೆ ಅಂತ ಎಣಿಸಿದೆ. ಮೂರು ಪಿಕಪ್ ವೈರು, ಬ್ರಿಡ್ಜ್ ಸ್ಪ್ರಿಂಗ್‌ನಿಂದ ಬಂದಿದ್ದು ಒಂದು, ಜಾಕ್‌ಗೆ ಹೋಗೋದು ಒಂದು, ವಾಲ್ಯೂಮ್ ಪಾಟ್‌ನ ಮೂರನೇ ಕಾಲನ್ನ ಬಗ್ಗಿಸಿ ಅಂಟಿಸಿದ್ದು ಒಂದು, ಕೆಪಾಸಿಟರ್‌ನ ಕಾಲು ಒಂದು. ಪಾಟ್‌ನಿಂದ ಪಾಟ್‌ಗೆ ಹಾಯಿಸಿದ ಎರಡು ವೈರುಗಳ ನಾಲ್ಕು ತುದಿ. ಒಟ್ಟು 11. ಅದರಲ್ಲಿ ಏಳು ಆ ಒಂದೇ ಅವರೆಕಾಳಿನ ಒಳಗೆ.

ಜಾಕ್ ವೈರನ್ನ ಇಕ್ಕಳದಲ್ಲಿ ಮೆಲ್ಲಗೆ ಎಳೆದೆ. ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು! ಬೆಸುಗೆ ಹಿಡಿದೇ ಇರ್ಲಿಲ್ಲ, ಸುಮ್ಮನೆ ಕೂತಿತ್ತು.

ಯಾಕೆ ಹೀಗೆ? ಪಾಟ್‌ನ ಡಬ್ಬಿ ದೊಡ್ಡ ಲೋಹ, ಶಾಖವನ್ನೆಲ್ಲ ಅದೇ ಕುಡಿಯುತ್ತೆ. 25 ವ್ಯಾಟ್ ಐರನ್ ಇಟ್ಟರೆ ಸೋಲ್ಡರ್ ಮೇಲೆ ಕರಗಿ ಉಂಡೆ ಆಗುತ್ತೆ, ಕೆಳಗಿನ ಲೋಹಕ್ಕೆ ಅಂಟಲ್ಲ. ಅಂಟಲಿ ಅಂತ ಒತ್ತಿ ಹಿಡಿದ್ರೆ ಪಾಟ್ ಒಳಗಿನ ಕಾರ್ಬನ್ ಪಟ್ಟಿಗೆ ಏಟು ಬೀಳುತ್ತೆ. ಆಮೇಲೆ ನಾಬ್ ತಿರುಗಿಸಿದಾಗೆಲ್ಲ ಚರಚರ.

3/5

"ಹಳೇ ಫೆಂಡರ್ ಗಿಟಾರ್‌ಗಳಲ್ಲೂ ಹೀಗೇ ಇತ್ತಲ್ಲ" ಅಂತೀರಾ? ಹೌದು, ಇತ್ತು. ಯಾಕಿತ್ತು ಅಂತಾನೂ ನೋಡಿ.

ಸ್ಟ್ರಾಟೋಕ್ಯಾಸ್ಟರ್ ಬಂದಿದ್ದು 1954ರಲ್ಲಿ. ಅದನ್ನ ತಂದ ಲಿಯೋ ಫೆಂಡರ್ ಕಾಲೇಜಲ್ಲಿ ಓದಿದ್ದು ಏನು ಗೊತ್ತಾ? ಅಕೌಂಟಿಂಗ್! ನಮ್ಮ ಪೈಕಿನೇ. ಲೆಕ್ಕ ಬರೆಯೋ ಕೆಲಸ ಮಾಡಿ, ಆಮೇಲೆ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟರು. ಫ್ಯಾಕ್ಟರಿ ಲೆಕ್ಕದಲ್ಲಿ ಪಾಟ್ ಬೆನ್ನು ಅಂದ್ರೆ ಬಿಟ್ಟಿ ಜಾಗ. ಬೇರೆ ಭಾಗ ಕೊಳ್ಳೋದು ಬೇಡ. ದಪ್ಪ ತುದಿಯ ಬಿಸಿ ಐರನ್, ದಿನಾ ಅದೇ ಕೆಲಸ ಮಾಡೋ ಕೈ ಇದ್ರೆ ಎರಡು ಮೂರು ಸೆಕೆಂಡಲ್ಲಿ ಬೆಸುಗೆ ಗಟ್ಟಿ ಹಿಡಿಯುತ್ತೆ. ಅಲ್ಲಿಗೆ ಅದು ಸರಿ. ಹಾಸ್ಟೆಲ್ ಮೇಜಿನ ಮೇಲೆ ಮೊದಲ ಸಲ ಐರನ್ ಹಿಡಿಯೋ ನಮಗೆ ಅದು ಸರಿ ಅಲ್ಲ.

ಇನ್ನು ಗ್ರೌಂಡ್ ಲೂಪ್ ಅನ್ನೋ ಗುಮ್ಮ. ಮೂರು ಪಾಟ್‌ಗಳ ನಡುವೆ ವೈರು ಒಂದು ಸುತ್ತು ಹಾಕಿದ್ರೆ ಲೂಪ್ ಆಗುತ್ತೆ, ನಿಜ. ಅದು ಎಷ್ಟು ದೊಡ್ಡದು? ಅಂಗೈಗಿಂತ ಚಿಕ್ಕದು, ಒಂದೇ ಒಂದು ಸುತ್ತು. ಅದರ ಪಕ್ಕದಲ್ಲೇ ಇರೋ ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ ಏಳೆಂಟು ಸಾವಿರ ಸುತ್ತು ತಂತಿ ಇದೆ. ನಮ್ಮ 50 ಹರ್ಟ್ಸ್ ಕರೆಂಟಿನ ಹಮ್ ಹಿಡಿಯೋದು ಯಾರು, ನೀವೇ ಹೇಳಿ.

ನಿಜವಾದ ಗ್ರೌಂಡ್ ಲೂಪ್ ಆಗೋದು ಆಂಪ್ ಒಂದು ಪ್ಲಗ್‌ನಲ್ಲಿ, ಲ್ಯಾಪ್‌ಟಾಪ್ ಇನ್ನೊಂದು ಪ್ಲಗ್‌ನಲ್ಲಿ ಇದ್ದು, ಎರಡನ್ನೂ ಕೇಬಲ್‌ನಲ್ಲಿ ಸೇರಿಸಿದಾಗ. ಒಂದೇ ಕೇಬಲ್‌ನಲ್ಲಿ ಹೊರಗೆ ಬರೋ ಗಿಟಾರ್ ಒಳಗೆ ಅದನ್ನ ಹುಡುಕಿ ₹1,800 ಕೊಡಬೇಡಿ. ಅಂಗಡಿ ಅಣ್ಣ ಮೋಸ ಮಾಡಿದ್ರು ಅಂತ ನಾನು ಹೇಳಲ್ಲ. ಅವರಿಗೆ ಕಲಿಸಿದವರೂ ಹಾಗೇ ಹೇಳಿರ್ತಾರೆ. ಆದ್ರೆ ದುಡ್ಡು ಹೋಗಿದ್ದು ನಂದು.

4/5

ನಾನು ಮಾಡಿದ್ದು ಇಷ್ಟು. (ಫೋಟೋಗಳನ್ನ ಸರಿಸ್ತಾ ಓದಿ.)

ಒಂದು: ಪಿಕ್‌ಗಾರ್ಡ್ ಹಿಂದೆ, ಪಾಟ್‌ಗಳು ಕೂರೋ ಜಾಗ ಪೂರ್ತಿ ತಾಮ್ರದ ಟೇಪ್ ಅಂಟಿಸಿದೆ. ನಟ್ ಬಿಗಿ ಮಾಡಿದ್ರೆ ಮೂರೂ ಪಾಟ್‌ಗಳ ಮೈ ಆ ತಾಮ್ರಕ್ಕೆ ಒತ್ತಿ, ತಾವಾಗೇ ಒಂದಾಗುತ್ತವೆ. ಪಾಟ್‌ನಿಂದ ಪಾಟ್‌ಗೆ ಹೋಗ್ತಿದ್ದ ವೈರು ಬೇಕಾಗೇ ಇಲ್ಲ. ಟೆಲಿಕ್ಯಾಸ್ಟರ್ ಇರೋರಿಗೆ ಟೇಪೂ ಬೇಡ. ಅದರ ಪಾಟ್‌ಗಳು ಲೋಹದ ಪ್ಲೇಟಿಗೇ ಕೂತಿರ್ತವೆ.

ಎರಡು: ಒಂದು ರಿಂಗ್ ಲಗ್ ತಗೊಂಡು, ಅದಕ್ಕೆ ಎರಡಿಂಚು ದಪ್ಪ ತಾಮ್ರದ ತಂತಿ ಬೆಸೆದೆ. ಮೇಜಿನ ಮೇಲೆ, ಗಿಟಾರ್‌ನಿಂದ ದೂರ. ಪಾಟ್‌ಗೆ ಶಾಖ ತಾಗೋ ಮಾತೇ ಇಲ್ಲ. ಆಮೇಲೆ ಆ ಲಗ್ಗನ್ನ ವಾಲ್ಯೂಮ್ ಪಾಟ್ ಮತ್ತು ತಾಮ್ರದ ಟೇಪ್ ನಡುವೆ ಇಟ್ಟು, ಹಲ್ಲಿರೋ ವಾಷರ್ ಹಾಕಿ, ನಟ್ ಬಿಗಿ ಮಾಡಿದೆ.

ಮೂರು: ಆ ತಂತಿಯ ಮೇಲೆ ಏಳು ವೈರುಗಳನ್ನ ಸಾಲಾಗಿ, ಬಟ್ಟೆ ಒಣಗಿ ಹಾಕಿದ ಹಾಗೆ ಬೆಸೆದೆ. ತೆಳು ತಂತಿ ಆದ್ದರಿಂದ ಅದೇ 25 ವ್ಯಾಟ್ ಐರನ್ ಸಾಕಾಯ್ತು.

ಲೆಕ್ಕ: ಮೊದಲು 11 ಬೆಸುಗೆ, ಈಗ 8. ಬರೀ ಮೂರು ಕಮ್ಮಿನಾ ಅಂತ ನಗಬೇಡಿ. ಮೊದಲು ಹನ್ನೊಂದೂ ಪಾಟ್ ಬೆನ್ನ ಮೇಲಿತ್ತು, ಈಗ ಅಲ್ಲಿ ಸೊನ್ನೆ. ಎಂಟೂ ಕಣ್ಣಿಗೆ ಕಾಣುತ್ತೆ, ಯಾವುದು ಬಿಟ್ಟಿದ್ರೂ ನೋಡಿದ ತಕ್ಷಣ ಗೊತ್ತಾಗುತ್ತೆ. ಇನ್ನೂ ಒಂದು ಲಾಭ: ಸಿಗ್ನಲ್ ವಾಪಸ್ ಬರೋ ದಾರಿ ಬೆಸುಗೆಯಲ್ಲೇ ಇದೆ, ಒತ್ತಿ ಕೂತಿರೋದು ಕಾವಲು ಮಾತ್ರ. ನಾಳೆ ನಟ್ ಸಡಿಲ ಆದ್ರೆ ಸ್ವಲ್ಪ ಹಮ್ ಜಾಸ್ತಿ ಆಗಬಹುದು. ಹಾಡಿನ ಮಧ್ಯೆ ಗಿಟಾರ್ ಸಾಯಲ್ಲ.

ಮುಚ್ಚೋ ಮೊದಲು ಮಲ್ಟಿಮೀಟರ್‌ನ ಬೀಪ್ ಮೋಡ್‌ನಲ್ಲಿ ಒಂದು ಕಡ್ಡಿ ಜಾಕ್‌ನ ಗ್ರೌಂಡ್‌ಗೆ, ಇನ್ನೊಂದನ್ನ ಪ್ರತಿ ಪಾಟ್, ಬ್ರಿಡ್ಜ್, ಸ್ಟ್ರಿಂಗ್‌ಗೆ ಮುಟ್ಟಿಸಿ. ಎಲ್ಲ ಕಡೆ ಬೀಪ್ ಬಂದ್ರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದಂಗೆ.

5/5

ಈಗ ಪ್ರಾಮಾಣಿಕವಾಗಿ ಕೆಲವು ಮಾತು.

ಇದರಿಂದ ಟೋನ್ ಬದಲಾಗಲ್ಲ. ಹಾಗಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸಿಂಗಲ್ ಕಾಯಿಲ್ ಹಮ್ ಪೂರ್ತಿ ಹೋಗೋದೂ ಇಲ್ಲ. ಅದು ಪಿಕಪ್‌ನ ಗುಣ, ಗ್ರೌಂಡಿನ ತಪ್ಪಲ್ಲ. ಸಿಗೋದು ಒಂದೇ: ಕೆಟ್ಟಾಗ ನಾವೇ ಕಂಡುಹಿಡಿಯೋ ಧೈರ್ಯ.

ಲೆಸ್ ಪಾಲ್ ಥರ ಪಾಟ್‌ಗಳು ನೇರ ಮರಕ್ಕೇ ಕೂತಿದ್ರೆ, ನಡುವೆ ಲೋಹ ಇರಲ್ಲ. ಅಲ್ಲಿ ಪಾಟ್‌ಗಳ ಮೈ ಸೇರಿಸೋಕೆ ವೈರು ಬೇಕೇ ಬೇಕು. ಮೊದಲು ಮೀಟರ್ ಇಟ್ಟು ನೋಡಿ, ಆಮೇಲೆ ಕತ್ತರಿ ಹಿಡೀರಿ.

ಸರಳ ಮಾಡ್ತೀನಿ ಅಂತ ಬ್ರಿಡ್ಜ್ ವೈರು ಮಾತ್ರ ಕಿತ್ತು ಹಾಕಬೇಡಿ. ಸಾಮಾನ್ಯ ಪಿಕಪ್‌ಗಳಲ್ಲಿ ಸ್ಟ್ರಿಂಗ್ ಮುಟ್ಟಿದಾಗ ಹಮ್ ಇಳಿಯೋದು ಅದರಿಂದಲೇ. (ಇಎಂಜಿ ಆಕ್ಟಿವ್ ಪಿಕಪ್‌ಗೆ ಅದು ಬೇಡ, ಆ ಕಂಪನಿಯವರೇ ಹಾಗೆ ಹೇಳ್ತಾರೆ.)

ಎಲ್ಲಕ್ಕಿಂತ ಮುಖ್ಯ: ಸ್ಟ್ರಿಂಗ್ ಮುಟ್ಟಿದಾಗ, ಇಲ್ಲಾ ಹಾಡೋಕೆ ಹೋಗಿ ಮೈಕ್‌ಗೆ ತುಟಿ ತಾಗಿದಾಗ ಜುಂ ಅಂದ್ರೆ ಆಟ ನಿಲ್ಲಿಸಿ. ಅದು ಗಿಟಾರ್ ತೊಂದರೆ ಅಲ್ಲ, ಪ್ಲಗ್ ಪಾಯಿಂಟ್‌ನ ಅರ್ಥಿಂಗ್ ತೊಂದರೆ, ಇಲ್ಲಾ ಆಂಪ್ ತೊಂದರೆ. ಪಿಜಿ ರೂಮುಗಳ ಎರಡು ಪಿನ್ ಎಕ್ಸ್‌ಟೆನ್ಷನ್, ಪೆಂಡಾಲ್ ಸ್ಟೇಜಿನ ತೇಪೆ ವೈರು, ಎಲ್ಲ ನೋಡಿದ್ದೀವಲ್ಲ. ಎಲೆಕ್ಟ್ರಿಷಿಯನ್‌ನ ಕರೀರಿ. ಹಮ್ ಹೋಗುತ್ತೆ ಅಂತ ಅರ್ಥ್ ಪಿನ್ ಕಿತ್ತರೆ ಜೀವಕ್ಕೇ ಸಂಚಕಾರ.

ಸೋಲ್ಡರ್‌ನಲ್ಲಿ ಸೀಸ ಇರುತ್ತೆ. ಕಿಟಕಿ ತೆಗೆದಿಡಿ, ಕೈ ತೊಳೆದು ಊಟ ಮಾಡಿ.

ಟೇಪ್, ಲಗ್, ತಂತಿ ಎಲ್ಲ ಸೇರಿ ನಂಗೆ ಆಗಿದ್ದು ₹140. ಐರನ್ ಪಕ್ಕದ ರೂಮಿನವನ ಹತ್ರ ಸಾಲ. ಎರಡು ಸಂಜೆ ಹಿಡೀತು, ಬೆರಳು ಒಂದು ಸಲ ಸುಟ್ಟಿತು.

ಆ ಬೂದು ಉಂಡೆಯನ್ನ ಎಸೆದಿಲ್ಲ, ಪೆನ್ಸಿಲ್ ಬಾಕ್ಸಲ್ಲಿ ಇಟ್ಕೊಂಡಿದ್ದೀನಿ. ನಿಮ್ಮ ಗಿಟಾರ್ ಒಳಗೆ ಎಷ್ಟು ಬೆಸುಗೆ ಇದೆ, ಎಣಿಸಿ ಕಾಮೆಂಟಲ್ಲಿ ಹಾಕಿ. ಬಿಚ್ಚೋಕೆ ಭಯ ಅನ್ಸಿದ್ರೆ ಶನಿವಾರ ಕ್ಲಾಸ್ ಮುಗಿದ ಮೇಲೆ ನನ್ನ ರೂಮಿಗೆ ತನ್ನಿ. ಕೈ ನಿಮ್ದು, ಮೀಟರ್ ನಂದು. ಟೀ ಮಾತ್ರ ನೀವೇ ಕೊಡಿಸ್ಬೇಕು.

#ಬಿಚ್ಚಿನೋಡು #ಗಿಟಾರ್‌ಕನ್ನಡ #ಬಿಕಾಂಹುಡುಗರು