ಹಾರ ಹಾಕಿದ ಮೇಲೆ

ಈ ವರ್ಷ ನಮ್ಮ ಕಾಲೇಜಿಗೆ ಖಾಯಂ ಅಧ್ಯಾಪಕರು ಕೆಲವರು ಹೊಸದಾಗಿ ಬಂದರು. ಅವರ ಸ್ವಾಗತ ಸಮಾರಂಭ ಚೆನ್ನಾಗಿಯೇ ನಡೆಯಿತು. ಪ್ರಾರ್ಥನೆಯಾಯಿತು, ದೀಪ ಬೆಳಗಿಸಿದ್ದಾಯಿತು. ಗಂಧದ ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದಕ್ಕೂ ಕೊರತೆಯಾಗಲಿಲ್ಲ. ನಾಲ್ವರು ಮಾತನಾಡಿದರು, ನಾಲ್ವರೂ ಗುರುವಿನ ಮಹಿಮೆಯನ್ನೇ ಹೇಳಿದರು. ವಂದನಾರ್ಪಣೆ ಮುಗಿದು, ಕಾಫಿ ಬಿಸ್ಕತ್ತು ಮುಗಿದು, ಸಭೆ ಚದುರಿದ ಮೇಲೆ ಗ್ರಂಥಾಲಯಕ್ಕೆಂದು ಹೊರಟಿದ್ದ ನಾನು ಇತಿಹಾಸ ವಿಭಾಗದ ಮುಂದೆ ಒಂದು ನೋಟವನ್ನು ಕಂಡೆ. ಹೊಸ ಮೇಡಂ ಹಣ್ಣಿನ ಬುಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಬುಟ್ಟಿಯನ್ನು ಇಡುವುದಕ್ಕೆ ಅವರಿಗೊಂದು ಮೇಜಿರಲಿಲ್ಲ. ಕೋಣೆಯಲ್ಲಿದ್ದ ಮೂರು ಮೇಜಿಗೂ ಒಡೆಯರಿದ್ದರು. ಕೊನೆಗೆ ಅವರು ಬುಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೊರಳಿನ ಹಾರವನ್ನು ತೆಗೆದು ಅದರ ಮೇಲೆ ಹಾಕಿ, ನನ್ನನ್ನು ನೋಡಿ ಸುಮ್ಮನೆ ನಕ್ಕರು.

ಇದನ್ನು ಯಾರನ್ನೋ ದೂರುವುದಕ್ಕಾಗಿ ಹೇಳುತ್ತಿಲ್ಲ. ಮೇಜು ಕೇಳಿ ಪತ್ರ ಹೋಗಿತ್ತಂತೆ, ಬರುತ್ತದಂತೆ. ಆದರೆ ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕುಳಿತುಬಿಟ್ಟಿದೆ. ನಾವು ಹೊಸ ಅಧ್ಯಾಪಕರನ್ನು ಬರಮಾಡಿಕೊಳ್ಳುವುದೆಂದರೆ ಏನು? ಹಾರ ಹಾಕುವುದು ಐದು ನಿಮಿಷದ ಕೆಲಸ. ಬಂದವರಿಗೆ ಜಾಗ ಮಾಡಿಕೊಡುವುದು ವರ್ಷದ ಕೆಲಸ. ಮೊದಲೇ ಕುಳಿತಿರುವವರು ಸ್ವಲ್ಪ ಸರಿದು ಕೂರದೆ ಅದು ಆಗುವುದಿಲ್ಲ. ನಮ್ಮಂಥ ಪದವಿ ಕಾಲೇಜಿಗಿಂತಲೂ, ನಾಳೆ ನಮ್ಮಲ್ಲಿ ಕೆಲವರಾದರೂ ಓದಲು ಹೋಗಬೇಕಾದ ವಿಶ್ವವಿದ್ಯಾನಿಲಯಗಳಿಗೆ ಈ ಮಾತು ಹೆಚ್ಚಾಗಿ ಸಲ್ಲುತ್ತದೆಂದು ನನ್ನ ನಂಬಿಕೆ.

ಮೈಸೂರು ವಿಶ್ವವಿದ್ಯಾನಿಲಯದ ಮಾತು ಬಂದಾಗಲೆಲ್ಲ ನಮ್ಮ ಅಧ್ಯಾಪಕರು ಒಂದು ಕಥೆಯನ್ನು ತಪ್ಪದೆ ಹೇಳುತ್ತಾರೆ. 1921ರಲ್ಲಿ ಡಾಕ್ಟರ್ ರಾಧಾಕೃಷ್ಣನ್‌ರವರು ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದರಂತೆ. ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ಗಮನಿಸಿ, ಇದು ಬೀಳ್ಕೊಡುಗೆಯ ಕಥೆ. ಬೀಳ್ಕೊಡುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ಅವರು 1918ರಲ್ಲಿ ಬಂದಾಗ ಏನಾಯಿತೆಂದು ಯಾರೂ ಹೇಳುವುದಿಲ್ಲ. ಆಗ ವಿಶ್ವವಿದ್ಯಾನಿಲಯಕ್ಕೆ ಎರಡು ವರ್ಷ, ಬಂದ ಪ್ರಾಧ್ಯಾಪಕರಿಗೆ ಮೂವತ್ತು. ಕನ್ನಡ ನಾಡಿನವರಲ್ಲ, ಮದರಾಸಿನ ಕಡೆಯಿಂದ ಬಂದವರು. ಆ ಮೂರು ವರ್ಷಗಳಲ್ಲಿ ಅವರು ಪಾಠ ಹೇಳಿದ್ದಲ್ಲದೆ, ಸಮಕಾಲೀನ ತತ್ತ್ವಶಾಸ್ತ್ರದಲ್ಲಿ ಧರ್ಮದ ಆಳ್ವಿಕೆಯನ್ನು ಕುರಿತ ದೊಡ್ಡ ಗ್ರಂಥವೊಂದನ್ನೂ ಬರೆದು 1920ರಲ್ಲಿ ಪ್ರಕಟಿಸಿದರು. ಅಂದರೆ ಮೂವತ್ತರ ಪ್ರಾಯದ ಹೊಸ ಪ್ರಾಧ್ಯಾಪಕನಿಗೆ ಕುಳಿತು ಬರೆಯುವಷ್ಟು ಬಿಡುವು ಆ ಊರಿನಲ್ಲಿ ದೊರಕಿತ್ತು. ಗಾಡಿ ಎಳೆದ ಕಥೆಗಿಂತ ಈ ಬಿಡುವಿನ ಕಥೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಹಾಗೆಯೇ, 1929ರಲ್ಲಿ ಅದೇ ಕಾಲೇಜಿಗೆ ಕನ್ನಡ ಅಧ್ಯಾಪಕರಾಗಿ ಸೇರಿದ ತರುಣ ಕವಿಯೊಬ್ಬರು 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು. ಕುವೆಂಪು ಅವರ ಹೆಸರನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಕಥೆಯೊಂದು ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಸರ್ ಸಿ. ವಿ. ರಾಮನ್‌ರವರು ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರನ ಸರ್ಕಾರ ಯಹೂದಿ ವಿದ್ವಾಂಸರನ್ನು ವಿಶ್ವವಿದ್ಯಾನಿಲಯಗಳಿಂದ ಹೊರಹಾಕಿತು. ಹಾಗೆ ಕೆಲಸ ಕಳೆದುಕೊಂಡವರಲ್ಲಿ ಗಾಟಿಂಗೆನ್ನಿನ ಮ್ಯಾಕ್ಸ್ ಬಾರ್ನ್ ಒಬ್ಬರು. ಕ್ವಾಂಟಂ ಸಿದ್ಧಾಂತಕ್ಕೆ ಗಣಿತದ ಅಸ್ತಿಭಾರ ಹಾಕಿದವರಲ್ಲಿ ಒಬ್ಬರಾದ ಈ ಮಹನೀಯರನ್ನು ರಾಮನ್‌ರು ಬೆಂಗಳೂರಿಗೆ ಕರೆಸಿಕೊಂಡರು. 1935ರ ಚಳಿಗಾಲದಲ್ಲಿ ಬಾರ್ನ್ ದಂಪತಿಗಳು ಇಲ್ಲಿಗೆ ಬಂದು ಸುಮಾರು ಆರು ತಿಂಗಳಿದ್ದರು. ಅಷ್ಟರಲ್ಲೇ ಅವರು ತರುಣ ವಿಜ್ಞಾನಿ ಎನ್. ಎಸ್. ನಾಗೇಂದ್ರನಾಥರೊಡನೆ ಸೇರಿ ಸಂಶೋಧನೆಯನ್ನೂ ನಡೆಸಿದರು. ಬಾರ್ನ್‌ರಿಗೆ ಇಲ್ಲಿಯೇ ಖಾಯಂ ಪ್ರಾಧ್ಯಾಪಕ ಪೀಠವೊಂದನ್ನು ಕೊಡಬೇಕೆಂದು ರಾಮನ್‌ರು ಅಧ್ಯಾಪಕರ ಸಭೆಯಲ್ಲಿ ಸೂಚಿಸಿದರು. ಆಗ ಆಂಗ್ಲ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಬೇಡವೆಂಬ ಅರ್ಥ ಬರುವಂತೆ ಮಾತನಾಡಿದರು. ಬಾರ್ನ್ ಆ ಸಭೆಯಲ್ಲಿಯೇ ಕುಳಿತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆನೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಪೀಠ ದೊರೆಯಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ನೊಬೆಲ್ ಬಂದುದರಿಂದ ನಾವು ಈ ಕಥೆಯನ್ನು ಕೇಳಿ ಕೈ ಹಿಸುಕಿಕೊಳ್ಳುತ್ತೇವೆ. ಪಾರಿತೋಷಕ ಬಾರದವರು, ಹೀಗೆಯೇ ಒಂದು ಮಾತಿನಿಂದ ಊರು ಬಿಟ್ಟು ಹೋದವರು ಎಷ್ಟು ಮಂದಿಯೋ! ಅವರ ಲೆಕ್ಕವನ್ನು ಇಟ್ಟವರಿಲ್ಲ. ಇನ್ನೊಂದನ್ನೂ ಹೇಳಿಬಿಡಬೇಕು. ಪರದೇಶದ ವಿದ್ವಾಂಸನಿಗಾಗಿ ಅಷ್ಟು ಹೋರಾಡಿದ ರಾಮನ್‌ರೇ, 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿಗೆ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿ, ಆಕೆ ಹಠ ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಅದೇ ಸಂಸ್ಥೆಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ ಮರಳಿದ ರಾಜೇಶ್ವರಿ ಚಟರ್ಜಿಯವರು ಅಲ್ಲಿ ಇಂಜಿನಿಯರಿಂಗ್ ಅಧ್ಯಾಪಕಿಯಾಗಿ ಸೇರುವ ಹೊತ್ತಿಗೆ 1953 ಆಗಿತ್ತು. ಬಾಗಿಲು ತೆಗೆಯುವವನ ಕಣ್ಣಿಗೂ ಒಂದೊಂದು ಬಾಗಿಲು ಕಾಣದೆ ಹೋಗುತ್ತದೆ.

ಆ ಆಂಗ್ಲ ಪ್ರಾಧ್ಯಾಪಕರನ್ನು ಬೈಯುವುದು ಸುಲಭ. ಆದರೆ ನಾವೇನು ಮಾಡಿದೆವು? ನಮ್ಮ ಹೊಸ ಮೇಡಂ ರಾಯಚೂರಿನ ಕಡೆಯವರು. ಮೊದಲ ದಿನ ತರಗತಿಗೆ ಬಂದು, ‘ಎಲ್ಲಾರೂ ಆರಾಮ ಅದೀರೇನ್ರಿ?’ ಎಂದರು. ಹಿಂದಿನ ಬೆಂಚಿನಿಂದ ನಗೆ ಎದ್ದಿತು, ಮುಂದಿನ ಬೆಂಚಿಗೂ ಹಬ್ಬಿತು. ನಾನೂ ನಕ್ಕೆ. ನಮ್ಮನ್ನು ಬಹುವಚನದಲ್ಲಿ ಕರೆದು ಮರ್ಯಾದೆ ಕೊಟ್ಟವರನ್ನು ನೋಡಿ ನಾವು ನಕ್ಕೆವು. ಅವರು ಒಂದು ಕ್ಷಣ ನಿಂತು, ಆಮೇಲೆ ಪುಸ್ತಕದ ಭಾಷೆಯಲ್ಲಿ, ಒಂದೊಂದೇ ಪದವನ್ನು ಆರಿಸಿಕೊಂಡು ಪಾಠವನ್ನು ಮುಂದುವರಿಸಿದರು. ಬಾರ್ನ್‌ರ ಕಥೆಯನ್ನು ನಾನು ಓದಿದ್ದು ಇದಾದ ಮೇಲೆ. ಮೊದಲೇ ಓದಿದ್ದರೆ ನಗುತ್ತಿರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ನಮ್ಮೂರು ಬೆಳ್ಳಂದೂರು. ಹೊಸಬರು ನಮಗೆ ಹೊಸತಲ್ಲ. ನಮ್ಮ ತಾತನವರು ರಾಗಿ ಬೆಳೆಯುತ್ತಿದ್ದ ಹೊಲಗಳ ಕಡೆ ಹೊರವರ್ತುಲ ರಸ್ತೆ ಬಂದು, ಅದರ ಇಕ್ಕೆಲಗಳಲ್ಲಿ ಗಾಜಿನ ಕಟ್ಟಡಗಳೆದ್ದು, ದೇಶದ ನಾನಾ ಕಡೆಯ ಜನ ಬಂದು ನೆಲೆಸಿದ್ದಾರೆ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಅಣ್ಣ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದ ಮೊದಲ ದಿನ ಸಂಜೆ ಬಂದು ಹೇಳಿದ: ಅವನು ಹೋಗುವ ಮೊದಲೇ ಮೇಜು, ಕಂಪ್ಯೂಟರು, ಗುರುತಿನ ಚೀಟಿ, ಎಲ್ಲವೂ ಅವನ ಹೆಸರು ಹೊತ್ತು ಸಿದ್ಧವಾಗಿದ್ದವಂತೆ. ಕೆಲಸ ಕಲಿಸಲು ಒಬ್ಬ ಹಿರಿಯನನ್ನೂ ಗೊತ್ತುಮಾಡಿದ್ದರಂತೆ. ಇದರಲ್ಲಿ ಪ್ರೀತಿಗಿಂತ ಲೆಕ್ಕಾಚಾರವೇ ಹೆಚ್ಚೆಂಬುದು ನಿಜ. ಬೇಡವಾದಾಗ ಒಂದೇ ಒಂದು ಇ-ಮೇಲಿನಲ್ಲಿ ಮನೆಗೆ ಕಳಿಸುವುದನ್ನೂ ನಮ್ಮ ಬೀದಿ ಕಂಡಿದೆ. ಆದರೂ ಒಬ್ಬ ಕೆಲಸಗಾರನ ಒಂದು ದಿನ ವ್ಯರ್ಥವಾದರೆ ಅದು ನಷ್ಟವೆಂದು ಅವರು ಬಲ್ಲರು. ಸಂಶೋಧಕನೊಬ್ಬನ ಒಂದು ವರ್ಷ ಮೇಜಿಲ್ಲದೆ, ಉಪಕರಣವಿಲ್ಲದೆ, ಮನೆ ಹುಡುಕುವುದರಲ್ಲಿ ಕಳೆದುಹೋದರೆ ಯಾವ ಲೆಕ್ಕಪುಸ್ತಕದಲ್ಲಿ ಅದು ನಷ್ಟವೆಂದು ಬರೆಯಲ್ಪಡುತ್ತದೆ?

ಸಂಶೋಧಕನ ವರ್ಷಕ್ಕೆ ಎಷ್ಟು ಬೆಲೆಯೆಂಬುದನ್ನು ನಾನು ಕಲಿತದ್ದು ನಮ್ಮೂರ ಕೆರೆಯಿಂದ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಯೆದ್ದು ರಸ್ತೆಗೆ ಹಾರಿತು. 2017ರಲ್ಲಿಯೂ 2018ರಲ್ಲಿಯೂ ಬೆಂಕಿ ಹತ್ತಿಕೊಂಡಿತು. ನೀರಿಗೆ ಬೆಂಕಿ ಬೀಳುವುದನ್ನು ನೋಡಲು ಪತ್ರಿಕೆಯವರು ಬಂದರು, ಮುಖಂಡರು ಬಂದರು, ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಅದಕ್ಕೆ ಎಷ್ಟೋ ಮೊದಲಿನಿಂದ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಈ ಕೆರೆಯ ನೀರನ್ನೂ ಕೆಸರನ್ನೂ ಪರೀಕ್ಷಿಸುತ್ತ ಬಂದಿದ್ದರು. ಶುದ್ಧಿಯಾಗದ ಚರಂಡಿ ನೀರಿನ ಜೊತೆ ಸಾಬೂನು ಪುಡಿಯ ರಂಜಕ ಬಂದು ತಳದಲ್ಲಿ ಕೂತು, ಕೋಡಿಯಲ್ಲಿ ನೀರು ಧುಮುಕುವಾಗ ಕಡೆದಂತಾಗಿ ನೊರೆ ಏಳುತ್ತದೆಂದು ತಿಳಿಸಿಕೊಟ್ಟವರು ಅವರು. ಇದು ಒಂದು ಸೆಮಿಸ್ಟರಿನಲ್ಲಿ ತಿಳಿಯುವ ವಿಷಯವಲ್ಲ. ಮಳೆಗಾಲ ಬೇಸಗೆಗಳೆನ್ನದೆ ವರ್ಷಗಟ್ಟಲೆ ನೀರನ್ನು ಅಳೆಯುವವರು ಬೇಕು, ಅವರಿಗೆ ಅಳೆಯುವ ಬಿಡುವು ಬೇಕು. ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರಿಗೆ ಯು.ಜಿ.ಸಿ. ನಿಯಮದಂತೆ ವಾರಕ್ಕೆ 16 ಗಂಟೆಯ ಪಾಠವಿದೆ. ಅದರ ಮೇಲೆ ಪ್ರವೇಶದ ಕೆಲಸ, ಪರೀಕ್ಷೆಯ ಕೆಲಸ, ನ್ಯಾಕ್ ಸಮಿತಿಯ ಕಡತಗಳು. ಹಿರಿಯರಿಗೆ ಬೇಡವಾದುದೆಲ್ಲ ಕಿರಿಯರ ತಲೆಗೆ ಬರುವುದು ನಮ್ಮ ಮನೆಗಳಲ್ಲಿ ಮೊದಲ ವರ್ಷದ ಸೊಸೆಗೆ ಬಂದಂತೆಯೇ. ಮೊದಲ ಎರಡು ವರ್ಷವಾದರೂ ಅವರ ಮೇಲೆ ಕಡತ ಹೊರಿಸದೆ, ಅವರ ಕೆಲಸ ಆರಂಭಿಸಲು ಒಂದಿಷ್ಟು ಹಣವನ್ನು ಕೈಗಿತ್ತು, ತಲೆಯ ಮೇಲೊಂದು ಸೂರು ತೋರಿಸುವುದು ಯಾವ ಶಾಲಿಗಿಂತಲೂ ದೊಡ್ಡ ಸನ್ಮಾನ. ನಮ್ಮೂರಿನಂಥ ಕಡೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಮನೆ ಮಾಲೀಕರ ಮುಂದೆ ಮೊದಲ ಸಂಬಳವನ್ನೇ ಕಾಣದ ಅಧ್ಯಾಪಕರು ಏನೆಂದು ನಿಲ್ಲಬೇಕು? ನಮ್ಮ ಮನೆಯವರೂ ಮಾಲೀಕರೇ ಆದ್ದರಿಂದ ಈ ಮಾತನ್ನು ಮೆಲ್ಲಗೆ ಹೇಳುತ್ತೇನೆ.

ಇನ್ನು ನನಗೆ ಬರೆಯಲು ಕಷ್ಟವಾದ ಮಾತು. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರನ್ನು ಆರಿಸಲು 2021ರಲ್ಲಿ ಅಧಿಸೂಚನೆ ಹೊರಟಿತು, 2022ರಲ್ಲಿ ಪರೀಕ್ಷೆ ನಡೆಯಿತು. ಆದೇಶ ಕೈಸೇರಲು ಅವರು ವರ್ಷಗಟ್ಟಲೆ ಕಾದರು. ಹಾಗೆ ಹುದ್ದೆಗಳು ಖಾಲಿ ಬಿದ್ದಿದ್ದಾಗ ತರಗತಿಗಳನ್ನು ನಡೆಸಿದವರು ಹತ್ತು ಸಾವಿರಕ್ಕೂ ಮೀರಿದ ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಅವರು ಸೇವಾಭದ್ರತೆ ಕೇಳಿ ಮುಷ್ಕರ ಹೂಡಿದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತುಹೋಯಿತು. ನಮಗೆ ಇತಿಹಾಸ ಹೇಳಿದವರೂ ಅಂಥವರೊಬ್ಬರೇ. ಈ ಕಾಲೇಜಿನಲ್ಲಿ ಅವರಿಗೆ ಎಂಟು ವರ್ಷ. ಮನೆಗೆ ಬಂದ ಅತಿಥಿ ಎಂಟು ತಿಂಗಳು ಉಳಿದರೇ ಮನೆಯವನಾಗಿಬಿಡುತ್ತಾನೆ. ಎಂಟು ವರ್ಷ ಇದ್ದವರನ್ನು ಅತಿಥಿಯೆನ್ನುವುದು ಸರ್ಕಾರದ ಕನ್ನಡ. ಖಾಯಂ ಅಧ್ಯಾಪಕರು ಬಂದರೆ ಅತಿಥಿಗಳ ಕಾರ್ಯಭಾರ ಇಲ್ಲವಾಗುತ್ತದೆ. ಸ್ವಾಗತ ಸಮಾರಂಭದ ದಿನ ಅವರು ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲರೊಡನೆ ಚಪ್ಪಾಳೆ ತಟ್ಟಿದರು. ಅವರನ್ನು ವೇದಿಕೆಗೆ ಕರೆಯಬೇಕೆಂದು ನಮಗಾರಿಗೂ ಹೊಳೆಯಲಿಲ್ಲ. ಹೊಸಬರು ಬರಬಾರದಿತ್ತೆಂದು ನಾನು ಹೇಳುವುದಿಲ್ಲ. ಅವರು ಪರೀಕ್ಷೆ ಗೆದ್ದು, ಕಾದು, ನ್ಯಾಯವಾಗಿಯೇ ಬಂದವರು. ಹಳಬರಿಗೂ ಪಾಠ ಹೇಳುವ ಯೋಗ್ಯತೆಯಿತ್ತೆಂಬುದಕ್ಕೆ ನಮ್ಮ ಅಂಕಪಟ್ಟಿಗಳೇ ಸಾಕ್ಷಿ. ಒಬ್ಬರ ಸ್ವಾಗತವೇ ಇನ್ನೊಬ್ಬರ ಬೀಳ್ಕೊಡುಗೆಯಾಗುವಂತೆ ಏರ್ಪಾಡು ಮಾಡಿದವರು ಈ ಇಬ್ಬರಲ್ಲಿ ಯಾರೂ ಅಲ್ಲ.

ಆ ಬೀಳ್ಕೊಡುಗೆಗೆ ಹಾರವಿರಲಿಲ್ಲ, ಗಾಡಿಯೂ ಇರಲಿಲ್ಲ. ಮರುದಿನ ಅವರು ತಮ್ಮ ಮೇಜಿನ ಖಾನೆಯನ್ನು ಖಾಲಿ ಮಾಡಿ, ಬೀಗದ ಕೈಯನ್ನು ಹೊಸ ಮೇಡಂ ಕೈಗೆ ಕೊಟ್ಟರು. ಅದರೊಡನೆ ಒಂದು ಕಾಗದವನ್ನೂ ಕೊಟ್ಟರು. ಹಾಜರಿ ಪುಸ್ತಕವನ್ನು ತರಲು ಹೋಗಿದ್ದ ನಾನು ಅದನ್ನು ಕಂಡೆ. ಎರಡು ಬಸ್ಸು ಬದಲಾಯಿಸಿ ಬರುವವರ ಹೆಸರುಗಳು, ಅವರವರ ಊರುಗಳು: ವರ್ತೂರು, ಬೆಳ್ಳಂದೂರು, ಸರ್ಜಾಪುರ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಬರುವವರ ಹೆಸರಿನ ಮುಂದೆ ಒಂದು ಗುರುತು. ಕೆಳಗೆ, ಇವರು ಮೊದಲ ಪೀರಿಯಡ್ಡಿಗೆ ತಡವಾಗಿ ಬಂದರೆ ದಯವಿಟ್ಟು ಗೈರುಹಾಜರಿ ಹಾಕಬೇಡಿ ಎಂದು ಬರೆದಿತ್ತು. ಹೊಸ ಮೇಡಂ ಅದನ್ನು ಎರಡು ಸಲ ಓದಿ, ಮಡಿಸಿ, ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು.

ಆ ವಾರವೇ ಒಂದು ದಿನ ಸಿಲ್ಕ್ ಬೋರ್ಡಿನ ಹತ್ತಿರ ಬಸ್ಸು ನಿಂತುಬಿಟ್ಟು, ನಾನು ಕಾಲು ಗಂಟೆ ತಡವಾಗಿ ತರಗತಿಯ ಬಾಗಿಲಲ್ಲಿ ನಿಂತೆ. ಮೇಡಂ ಪಾಠ ನಿಲ್ಲಿಸಿ ನನ್ನ ಕಡೆ ನೋಡಿದರು.

‘ಬೆಳ್ಳಂದೂರಿನವರು ನೀವ ಏನ್ರಿ? ಬರ್ರಿ, ಕೂಡ್ರಿ’ ಎಂದರು. ಯಾರೂ ನಗಲಿಲ್ಲ.