ಮಂಡ್ಯದ ಓಟು ಯಾರ ಸ್ವತ್ತು?

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತ ಕಡೆ ರೈತರ ಬಾಯಲ್ಲಿ ಎರಡೇ ಮಾತು: ತೂಕ ಯಾವಾಗ? ಈ ಸಲ ಗೆಲ್ಲುವವರು ಯಾರು? ಮೊದಲನೆಯದು ಹೊಟ್ಟೆಯ ಮಾತು, ಎರಡನೆಯದು ಹೆಮ್ಮೆಯ ಮಾತು. ಇವೆರಡಕ್ಕೂ ನಂಟಿದೆ ಎಂಬುದನ್ನು ನಾವು ಮರೆತಿದ್ದೇವೆ.

ಮಂಡ್ಯ ಯಾವ ಪಕ್ಷದ ಜಹಗೀರೂ ಅಲ್ಲ. 1962ರಲ್ಲಿ ಮದ್ದೂರಿನವರು ಎಸ್.ಎಂ. ಕೃಷ್ಣ ಅವರನ್ನು ಪಕ್ಷೇತರರಾಗಿ ವಿಧಾನಸಭೆಗೆ ಕಳಿಸಿದರು. 1968ರ ಉಪಚುನಾವಣೆಯಲ್ಲಿ ಅವರೇ ಪ್ರಜಾ ಸಮಾಜವಾದಿ ಪಕ್ಷದಿಂದ ಲೋಕಸಭೆಗೆ ಹೋದರು. 1971ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 1994ರಲ್ಲಿ ಪಾಂಡವಪುರ ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರನ್ನು ಆರಿಸಿತು. 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಸ್ಥಾನ ಜಾತ್ಯತೀತ ಜನತಾದಳಕ್ಕೆ; 2023ರಲ್ಲಿ ಅದಕ್ಕೆ ಉಳಿದದ್ದು ಕೃಷ್ಣರಾಜಪೇಟೆಯೊಂದೇ. 2019ರಲ್ಲಿ ಲೋಕಸಭೆಗೆ ಪಕ್ಷೇತರರಾದ ಸುಮಲತಾ ಅವರನ್ನು 1,25,876 ಮತಗಳ ಅಂತರದಿಂದ ಗೆಲ್ಲಿಸಿದ ಇದೇ ಜನ, 2024ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರನ್ನು ಕಳಿಸಿದರು.

ಪೇಟೆಯ ಬುದ್ಧಿವಂತರು ಇದನ್ನು ಚಂಚಲತೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗೆದ್ದವನನ್ನು ಇಳಿಸಬಲ್ಲ ಜನ ಗುಲಾಮರಲ್ಲ. ಆದರೆ ನಮ್ಮ ತಪ್ಪು ಬೇರೆ ಕಡೆ ಇದೆ. 2018ರಲ್ಲಿ ಜನತಾದಳದಿಂದ ಕೃಷ್ಣರಾಜಪೇಟೆಯಲ್ಲಿ ಗೆದ್ದ ಕೆ.ಸಿ. ನಾರಾಯಣಗೌಡರು ರಾಜೀನಾಮೆಯಿತ್ತು, 2019ರ ಡಿಸೆಂಬರಿನಲ್ಲಿ ಭಾರತೀಯ ಜನತಾ ಪಕ್ಷದಿಂದ ಮತ್ತೆ ಗೆದ್ದರು. ಅವರನ್ನು ದೂರುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ಎರಡನೆಯ ಓಟಿಗೆ ನಾವು ಹಾಕಿದ ಷರತ್ತು ಯಾವುದು?

ಷರತ್ತು ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಈ ಕಾನೂನನ್ನು ಕಾಯುತ್ತೇನೆಂದು ಬರೆದುಕೊಡು ಎಂದು ಎಷ್ಟು ಅಭ್ಯರ್ಥಿಗಳನ್ನು ಕೇಳಿದ್ದೇವೆ? ಇದು ರೈತನೊಬ್ಬನ ಚಿಂತೆಯಲ್ಲ. ಅವನ ಕೈಗೆ ಹಣ ಬಂದರೆ ಅಂಗಡಿಯ ಉದ್ರಿ ತೀರುತ್ತದೆ. ಅವನು ಕಬ್ಬು ಹಾಕುವುದನ್ನೇ ಬಿಟ್ಟರೆ ಗಿರಣಿಯ ಕೆಲಸಗಾರನ ಒಲೆ ಆರುತ್ತದೆ.

ಮೇಷ್ಟ್ರಾಗಿದ್ದಾಗ ನಾನು ಹುಡುಗರ ಹಾಜರಿಯನ್ನು ವರ್ಷಕ್ಕೊಮ್ಮೆ ತೆಗೆದವನಲ್ಲ, ದಿನಾ ತೆಗೆದವನು. ಊರಿನ ಅರಳಿಕಟ್ಟೆಯಲ್ಲಿ ಒಂದು ಪುಸ್ತಕವಿಡಿ. ಓಟು ಕೇಳಲು ಬಂದವರ ಮಾತನ್ನು ಅದರಲ್ಲಿ ಬರೆಸಿ, ರುಜು ಹಾಕಿಸಿ. ಆರು ತಿಂಗಳಿಗೊಮ್ಮೆ ಕರೆದು ಗಟ್ಟಿಯಾಗಿ ಓದಿಸಿ.

ಬಾವುಟ ಬದಲಾಯಿಸುವುದನ್ನು ಮಂಡ್ಯಕ್ಕೆ ಯಾರೂ ಕಲಿಸಬೇಕಿಲ್ಲ. ಲೆಕ್ಕ ಕೇಳುವುದನ್ನು ಮಾತ್ರ ಇನ್ನು ಕಲಿಯಬೇಕು.